ಆರು ಜನ ಬಾಡಿಗೆ ಬೇಟೆಗಾರರು

1980ರಲ್ಲಿ ಬಂದ, ‘ಸ್ಟಾರ್ ವಾರ್ಸ್’ ಸರಣಿಯ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದ ಈ ದೃಶ್ಯ ಬಹಳ ಮಂದಿಗೆ ನೆನಪಿರಲಿಕ್ಕಿಲ್ಲ. ಕಪ್ಪು ಮುಖವಾಡದ ಡಾರ್ತ್ ವೇಡರ್ ತನ್ನ ಹಡಗಿನಲ್ಲಿ ಆರು ಜನ ಬಾಡಿಗೆ ಬೇಟೆಗಾರರನ್ನು ಸಾಲಾಗಿ ನಿಲ್ಲಿಸಿ, ತಪ್ಪಿಸಿಕೊಂಡವರನ್ನು ಹಿಡಿದು ತನ್ನಿ ಎಂದು ಅಪ್ಪಣೆ ಕೊಡುತ್ತಾನೆ. ಅವರನ್ನು ಕಂಡು ಅಡ್ಮಿರಲ್ ಒಬ್ಬ ಮೂಗು ಮುರಿಯುತ್ತಾನೆ. ಹಲ್ಲಿ ಮುಖದವನೊಬ್ಬ ಗುರ್ ಎನ್ನುತ್ತಾನೆ. ಅಲ್ಲಿಗೆ ಮುಗಿಯಿತು. ಕಾಫಿ ಲೋಟ ಇಟ್ಟುಬರಲು ಅಡುಗೆಮನೆಗೆ ಹೋದರೆ ಆರೂ ಜನ ತಪ್ಪಿಹೋಗುತ್ತಾರೆ. ಅವರಲ್ಲಿ ಬೋಬಾ ಫೆಟ್ ಎಂಬ ಒಬ್ಬನಿಗೆ ಮುಂದೆ ನಾಲ್ಕು ಮಾತಾದರೂ ಸಿಗುತ್ತವೆ. ಉಳಿದ ಐವರು ಕಂಪನಿ ನಾಟಕದ ಆಸ್ಥಾನದಲ್ಲಿ ಈಟಿ ಹಿಡಿದು ನಿಂತವರಂತೆ. ನಿಂತಿದ್ದೇ ಪಾತ್ರ.

ನನಗೆ ಇಷ್ಟವಾದವರು ಅವರೇ. ಮೈಸೂರಿನಲ್ಲಿ ಪಕ್ಕದ ಮನೆಯವರ ವಿಸಿಆರ್‌ನಲ್ಲಿ, ಗೀರು ಗೀರಾಗಿದ್ದ ಕ್ಯಾಸೆಟ್ಟಿನಲ್ಲಿ ನೋಡಿದಾಗ ನಾನು ಕೇಳಿದ್ದು, ‘ಆ ತಲೆಗೆ ಬಟ್ಟೆ ಸುತ್ತಿಕೊಂಡವನು ಯಾರು?’ ಎಂದು. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವಂತೆಯೂ ಇರಲಿಲ್ಲ. ಆ ಚಿತ್ರದಲ್ಲಿ ಈ ಆರು ಜನರಲ್ಲಿ ಒಬ್ಬನನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಬಾಸ್ಕ್, ಐಜಿ-88, ಡೆಂಗಾರ್, ಝಕಸ್, 4-ಲಾಮ್ ಎಂದೆಲ್ಲ ಲೋಕಕ್ಕೆ ತಿಳಿದದ್ದು ಆಟಿಕೆಯ ಪ್ಯಾಕೆಟ್ಟಿನಿಂದ. ನಿರ್ದೇಶಕರು ನಿಲ್ಲಲು ಜಾಗ ಕೊಟ್ಟರು, ನಾಮಕರಣದ ಶಾಸ್ತ್ರವನ್ನು ಬೊಂಬೆ ಕಂಪನಿ ಮುಗಿಸಿತು.

ಹಣೆಬರಹ ನೋಡಿ, ನನಗೆ ಕೆಲಸ ಸಿಕ್ಕಿದ್ದೂ ಆ ಕಂಪನಿಯ ಊರಿನಲ್ಲೇ, ಅಮೆರಿಕದ ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಸ್ಟೈನರ್ ಎಂಬ ಅಣ್ಣತಮ್ಮಂದಿರು ಆಟಿಕೆ ಕಂಪನಿ ಶುರುಮಾಡಿ, ಕಚೇರಿ ಇದ್ದ ಬೀದಿಯ ಹೆಸರನ್ನೇ ಇಟ್ಟರು: ಕೆನ್ನರ್. 1977ರಲ್ಲಿ ಮೊದಲ ‘ಸ್ಟಾರ್ ವಾರ್ಸ್’ ಹೀಗೆ ಓಡೀತೆಂದು ಯಾರೂ ಎಣಿಸಿರಲಿಲ್ಲ. ಕ್ರಿಸ್‌ಮಸ್ ಬಂತು, ಬೊಂಬೆ ಒಂದೂ ತಯಾರಾಗಿಲ್ಲ. ಕೆನ್ನರ್‌ನವರು ಬೊಂಬೆಯಿಲ್ಲದ ರಟ್ಟಿನ ಪ್ಯಾಕೆಟ್ ಮಾರಿದರು. ಒಳಗೊಂದು ಚೀಟಿ, ಅದನ್ನು ಅಂಚೆಗೆ ಹಾಕಿದರೆ ಮುಂದಿನ ವರ್ಷ ನಾಲ್ಕು ಬೊಂಬೆ ಕಳಿಸುತ್ತೇವೆಂಬ ಭರವಸೆ. ಜನ ದುಡ್ಡು ಕೊಟ್ಟು ಭರವಸೆ ಕೊಂಡರು, ಕಂಪನಿ ಮಾತೂ ಉಳಿಸಿಕೊಂಡಿತು. ಬೊಂಬೆಯ ಅಳತೆಗೂ ಒಂದು ಕಥೆಯಿದೆ. ಎಷ್ಟು ಎತ್ತರ ಮಾಡೋಣ ಎಂದಾಗ ಕಂಪನಿಯ ಮುಖ್ಯಸ್ಥ ಬರ್ನಾರ್ಡ್ ಲೂಮಿಸ್ ಹೆಬ್ಬೆರಳು, ತೋರುಬೆರಳು ಅಗಲಿಸಿ ‘ಇಷ್ಟಿರಲಿ’ ಎಂದರಂತೆ. ಸ್ಕೇಲು ಹಿಡಿದರೆ ಮೂರೂಮುಕ್ಕಾಲು ಇಂಚು. ಅಲ್ಲಿಂದ ಇಲ್ಲಿಯವರೆಗೆ ಅದೇ ಅಳತೆ ನಡೆದುಬಂದಿದೆ. ಕಂಪನಿ ಮಾತ್ರ ಕೈಯಿಂದ ಕೈಗೆ ದಾಟಿ, 2000ದಲ್ಲಿ ಇಲ್ಲಿನ ಕಚೇರಿಯೂ ಮುಚ್ಚಿತು.

ಆ ಕಾಲದ ಬೊಂಬೆಗಳು ಹತ್ತಿರ ಹತ್ತಿರ ನೂರಿವೆ. ಎಲ್ಲವನ್ನೂ ಕೂಡಿಹಾಕಲು ಹೊರಟವರ ನೆಲಮಾಳಿಗೆಗಳನ್ನು ನೋಡಿದ್ದೇನೆ. ಒಬ್ಬರ ಮನೆಯಲ್ಲಿ ಬಟ್ಟೆ ಒಗೆಯುವ ಮಷಿನ್ನಿಗೆ ಹೋಗಲು ದಾರಿಯೇ ಇರಲಿಲ್ಲ. ಅದಕ್ಕೆ ಬುದ್ಧಿವಂತ ಸಂಗ್ರಾಹಕರು ‘ಫೋಕಸ್’ ಇಟ್ಟುಕೊಳ್ಳುತ್ತಾರೆ. ಒಬ್ಬನೇ ಪಾತ್ರ, ಇಲ್ಲವೇ ಒಂದೇ ದೃಶ್ಯ, ಅದರಾಚೆ ಕಣ್ಣೆತ್ತಿ ನೋಡುವ ಹಾಗಿಲ್ಲ. ಒಂಥರಾ ಏಕಪತ್ನೀವ್ರತ. ನನ್ನದು ಆರು ಜನ, ಆರೇ ಜನ.

ಫೆಟ್ ಸಿಕ್ಕುವುದು ಕಷ್ಟವಲ್ಲ. 1979ರಲ್ಲಿ ನಾಲ್ಕು ಪ್ಯಾಕೆಟ್ಟುಗಳ ರಟ್ಟಿನಿಂದ ಗುರುತಿನ ಚೂರು ಕತ್ತರಿಸಿ ಕಳಿಸಿದ ಮಕ್ಕಳಿಗೆ ಅವನು ಅಂಚೆಯಲ್ಲಿ ಬರುತ್ತಿದ್ದ. ಬೆನ್ನಿನಿಂದ ರಾಕೆಟ್ ಹಾರಿಸುತ್ತಾನೆ ಎಂದು ಮೊದಲು ಜಾಹೀರಾತಾಗಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆ ಕ್ಷಿಪಣಿ ಗಂಟಲಿಗೆ ಸಿಕ್ಕಿ ಮಗುವೊಂದು ತೀರಿಹೋಯಿತು. ಕೆನ್ನರ್‌ನವರು ರಾಕೆಟ್ಟನ್ನು ಬೆನ್ನಿಗೇ ಅಂಟಿಸಿಬಿಟ್ಟರು. ಹಾರುವ ರಾಕೆಟ್ಟಿನ ಮಾದರಿ ಬೊಂಬೆಗಳು ಒಂದಷ್ಟು ಉಳಿದುಕೊಂಡಿವೆ. ಹರಾಜಿನಲ್ಲಿ ಲಕ್ಷ ಡಾಲರ್ ದಾಟುತ್ತವೆ. ಆ ದಿಕ್ಕಿಗೆ ನಾನು ತಲೆ ಹಾಕಿಯೂ ಮಲಗುವುದಿಲ್ಲ.

ಕಷ್ಟವಿರುವುದು ಕೋವಿಗಳಲ್ಲಿ. ಬೊಂಬೆಗಳು ಹೇಗೋ ಉಳಿದವು. ಬೆರಳುದ್ದದ ಕೋವಿಗಳನ್ನು ಒಹಾಯೊದ ವ್ಯಾಕ್ಯೂಮ್ ಕ್ಲೀನರುಗಳು ನುಂಗಿ ನೀರು ಕುಡಿದವು. ಹಾಗಾಗಿ ಪೇಟೆ ತುಂಬ ನಕಲಿ. ಅಸಲಿ ಪತ್ತೆಗೆ ಹಳಬರು ಹೇಳುವ ಉಪಾಯ ನೀರಿನದು. ತೇಲಿದರೆ ಅಸಲಿ, ಮುಳುಗಿದರೆ ನಕಲಿ. ಪೂರ್ತಿ ನಂಬುವ ಹಾಗಿಲ್ಲವೆಂದು ಅದೇ ಹಳಬರು ಕೊನೆಗೆ ದನಿ ತಗ್ಗಿಸಿ ಸೇರಿಸುತ್ತಾರೆ. ಐಜಿ-88ಗೆ ಎರಡು ಕೋವಿ, ಒಂದು ಉದ್ದ, ಒಂದು ಗಿಡ್ಡ. ಕಡ್ಡಿಪೈಲ್ವಾನನಂಥ ಯಂತ್ರಮಾನವ ಅವನು. ಚಿತ್ರದಲ್ಲಿ ಅವನ ತಲೆಯಾದದ್ದು ಜೆಟ್ ಎಂಜಿನ್ನಿನೊಳಗಿನ ಬೆಂಕಿಯುರಿಯುವ ಡಬ್ಬಿ, ಹಿಂದಿನ ಚಿತ್ರದಲ್ಲಿ ಅಂಥದ್ದೇ ಡಬ್ಬಿಗಳು ಹೆಂಡದಂಗಡಿಯ ಸಾಮಾನಾಗಿದ್ದವು. ಹಳೇ ಸಾಮಾನಿನ ಮಳಿಗೆಯಿಂದ ಅವನನ್ನು ತಂದ ದಿನ ಹಿತ್ತಾಳೆ ಚೊಂಬಿನಲ್ಲಿ ನೀರು ತುಂಬಿಸಿ, ಎರಡೂ ಕೋವಿ ಬಿಟ್ಟು, ಉಸಿರು ಬಿಗಿಹಿಡಿದು ಬಗ್ಗಿ ನಿಂತೆ.

‘ರೀ, ಅದು ಪೂಜೆ ಚೊಂಬು.’

‘ಒಂದ್ನಿಮಿಷ, ತೇಲ್ತಾ ಇದೆ.’

‘ನಿಮ್ಮ ಬುದ್ಧೀನಾ?’

ಕೊನೆಯ ಇಬ್ಬರ ಕಥೆ ಕೋರ್ಟಿಗೆ ಹೋಗುವಂಥದ್ದು. 1982ರಲ್ಲಿ ಬೊಂಬೆ ಮಾಡುವಾಗ ಕೆನ್ನರ್‌ನಲ್ಲಿ ಹೆಸರು ಅದಲುಬದಲಾಯಿತು. ಕೀಟದ ತಲೆಯ ಯಂತ್ರಕ್ಕೆ ಝಕಸ್ ಎಂದೂ, ಉಸಿರಾಟದ ಕೊಳವೆ ಹಾಕಿಕೊಂಡ ಜೀವಿಗೆ 4-ಲಾಮ್ ಎಂದೂ ಬರೆದರು. ಆಮೇಲೆ ಬಂದವರು ತಿದ್ದಿದರು. ಆದರೆ ಅಚ್ಚಾದದ್ದು ಅಚ್ಚಾಗಿತ್ತು. ಹಾಗಾಗಿ ಅವರಿಬ್ಬರ ಬಗ್ಗೆ ಮಾತಾಡುವಾಗ ‘ಯಾವ ಝಕಸ್?’ ಎಂದು ಮೊದಲು ಕೇಳಿಕೊಳ್ಳಬೇಕು. ಮೊದಲು ಅಂಚೆಯಲ್ಲಿ ಬಂದ ಆಗಿನ 4-ಲಾಮ್‌ಗೆ ಬಟ್ಟೆಯ ನಿಲುವಂಗಿ. ಅದು ಸಿಕ್ಕರೆ ಕೋವಿಯಿಲ್ಲ, ಕೋವಿ ಸಿಕ್ಕರೆ ಮೈಮೇಲೆ ಬಟ್ಟೆಯಿಲ್ಲ. ಬತ್ತಲೆ ನಿಂತ ಅವನ ಫೋಟೊಗಳನ್ನು ರಾತ್ರಿಯೆಲ್ಲ ದೊಡ್ಡದು ಮಾಡಿ ನೋಡುತ್ತ ಕೂತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದದ್ದೂ ಉಂಟು.

ಅಂತೂ ಅವನೂ ಬಂದ, ಅಂಗಿ ಸಮೇತ. ಆರು ಜನರನ್ನು ಚಿತ್ರದಲ್ಲಿದ್ದ ಕ್ರಮದಲ್ಲೇ ನಿಲ್ಲಿಸಿದೆ. ನಲವತ್ತು ವರ್ಷ ಕಳೆದ ಪ್ಲಾಸ್ಟಿಕ್ಕು, ತೊಡೆಯ ಕೀಲು ಸಡಿಲ. ಕತ್ತು, ಎರಡು ತೋಳು, ಎರಡು ತೊಡೆ ಬಿಟ್ಟರೆ ಬೇರೆಲ್ಲೂ ತಿರುಗದ ಮೈ, ಮಂಡಿಯಂತೂ ಮಡಿಸುವುದೇ ಇಲ್ಲ. ಬಾಸ್ಕ್ ವಾಲಿ ಫೆಟ್‌ನ ಮೇಲೆ ಬಿದ್ದ. ಎತ್ತಿ ನಿಲ್ಲಿಸಿದೆ. ಆಮೇಲೆ ಮಾಡಲು ಏನೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಅಭ್ಯಾಸಬಲದಿಂದ ಕಾರು ಹತ್ತಿ ಹಳೇ ಸಾಮಾನಿನ ಮಳಿಗೆಗೆ ಹೋಗಿ, ಯಾವುದನ್ನೂ ಮುಟ್ಟದೆ ಸುತ್ತಿ, ಮನೆಗೆ ಹಾಲು ತಂದೆ.

‘ಆರೇ ಅಂತ ಗೆರೆ ಹಾಕ್ಕೊಂಡಿದ್ದು ಯಾಕೆ?’ ಎಂದಳು ಹೆಂಡತಿ. ಅವಳೂ ಬೊಂಬೆಯವಳೇ. ತವರಿನಿಂದ ಮದುವೆಯಲ್ಲಿ ಕೊಟ್ಟ ಪಟ್ಟದ ಬೊಂಬೆ, ಚನ್ನಪಟ್ಟಣದ ಬಣ್ಣದವು, ಮಣ್ಣಿನ ಮದುವೆ ದಿಬ್ಬಣ. ಅವಳ ಕಡೆ ಕಟ್ಟಳೆ ತಲೆಕೆಳಗು: ವರ್ಷಕ್ಕೊಂದಾದರೂ ಹೊಸದು ಸೇರಲೇಬೇಕು. ಅಂದರೆ ಯಾವತ್ತೂ ಪೂರ್ತಿಯಾಗಕೂಡದು. ನನ್ನ ‘ಫೋಕಸ್’ ಪುರಾಣವನ್ನು ಪೂರ್ತಿ ಕೇಳಿಸಿಕೊಂಡು, ‘ಪಾಪ’ ಎಂದಳು.

ನವರಾತ್ರಿ ಬಂತು. ದಿಬ್ಬಣದ ವಾಲಗದವನು ಬೆಂಗಳೂರಿನಿಂದ ಬರುವಾಗ ಸೂಟ್‌ಕೇಸಿನಲ್ಲೇ ಪುಡಿಯಾಗಿದ್ದ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಕಪಾಟಿನಲ್ಲಿ ಐದೇ ಜನ. ತಲೆಗೆ ಬಟ್ಟೆ ಸುತ್ತಿದ ಡೆಂಗಾರ್ ಮೆಟ್ಟಿಲ ಮೇಲೆ, ವರನ ಕುದುರೆಯ ಮುಂದೆ, ಉದ್ದದ ಕೋವಿ ಹಿಡಿದು ನಿಂತಿದ್ದಾನೆ.

‘ರುಮಾಲೂ ಇದೆ, ನಾಗಸ್ವರಾನೂ ಇದೆ. ಎತ್ತರ ನೋಡಿ, ಅಳತೆ ಕೊಟ್ಟು ಮಾಡಿಸಿದ ಹಾಗಿದೆ’ ಎಂದಳು.

‘ಹತ್ತು ದಿನ ಅಷ್ಟೇ’ ಎಂದೆ.

‘ದಿಬ್ಬಣ ಮುಗೀಲಿ, ನೋಡೋಣ.’

ಅರಿಶಿನ ಕುಂಕುಮಕ್ಕೆ ಬಂದ ಹಿರಿಯರೊಬ್ಬರು ಕನ್ನಡಕ ಏರಿಸಿ ದಿಬ್ಬಣದ ಹತ್ತಿರ ಬಗ್ಗಿದರು. ‘ಅಲ್ಲಮ್ಮ, ವಾಲಗದವನಿಗೆ ಯಾಕೆ ತಲೆಗೆ ಬ್ಯಾಂಡೇಜು?’

‘ಹೋದ ಮದುವೇಲಿ ಸಂಭಾವನೆ ವಿಷಯಕ್ಕೆ ಗಲಾಟೆ ಆಯ್ತಂತೆ ಆಂಟಿ’ ಎನ್ನುತ್ತ ಅವಳು ಚರಪಿನ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು, ಮಕ್ಕಳಿಗೆ ಹಂಚಲು.