ಕೊನೆಗೆ ಕರೆಸಿಕೊಂಡವರು

ಪಕ್ಕದ ಮನೆಯ ಹುಡುಗಿಗೆ ನವಿ ಮುಂಬಯಿಯ ಐರೋಲಿಯಲ್ಲಿ ಕಂಪನಿಯೊಂದರ ಕೆಲಸ. ಒಂದು ಜಾಹೀರಾತು ಹತ್ತು ಭಾಷೆಗೆ ಇಳಿಯುವುದು ಅವಳ ಕಣ್ಣೆದುರು ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಯಂತ್ರ ಅನುವಾದಿಸುತ್ತದೆ, ಸಾಲು ಚೌಕಟ್ಟಿನಲ್ಲಿ ಕೂತಿತೇ ಎಂದು ಇವಳು ನೋಡುತ್ತಾಳೆ. "ಕಾಕಾ, ಮೊದಲು ಇದನ್ನೆಲ್ಲ ಯಾರು ಮಾಡ್ತಿದ್ರು?" ಎಂದು ಮೊನ್ನೆ ಕೇಳಿದಳು.

ಮಾಡುತ್ತಿದ್ದವರು ಡೊಂಬಿವಲಿ, ಠಾಣೆ, ಕಲ್ಯಾಣದಿಂದ ಲೋಕಲ್ ಹಿಡಿದು ಮುಂಬಯಿಯ ಫೋರ್ಟಿಗೆ ಹೋಗುತ್ತಿದ್ದ ಕನ್ನಡದವರು. ವಿವಿಧ ಭಾರತಿಯಲ್ಲಿ 1967ಕ್ಕೆ, ದೂರದರ್ಶನದಲ್ಲಿ 1976ಕ್ಕೆ ಜಾಹೀರಾತು ಶುರುವಾದ ಮೇಲೆ ಏಜೆನ್ಸಿಗಳಿಗೆ ಎಲ್ಲ ಭಾಷೆಯವರೂ ಬೇಕಾದರು. ನಮ್ಮ ಗುಂಪಿಗೆ ಒಬ್ಬ ಮಾಸ್ತರರಿದ್ದರು. ಧಾರವಾಡದ ಕಡೆಯವರು, ಹಗಲು ಗುಮಾಸ್ತಿಕೆ, ಸಂಜೆ ಏಜೆನ್ಸಿಗಳ ಕನ್ನಡ. ನಾನು ಅವರ ಬೆನ್ನಿಗೆ ಬಿದ್ದು ಪ್ರೂಫ್ ತಿದ್ದಲು ಕಲಿತೆ.

ಆರ್ಟ್ ವಿಭಾಗಕ್ಕೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ರಬ್ಬರ್ ಸೊಲ್ಯೂಷನ್. ಪೆಟ್ರೋಲಿನಂಥ ಆ ಘಾಟು ಅಂಗಿಗೆ ಹತ್ತಿಕೊಂಡು ಡೊಂಬಿವಲಿಯವರೆಗೂ ಬರುತ್ತಿತ್ತು. ಅಚ್ಚಿನ ಸಾಲುಗಳನ್ನು ಬ್ಲೇಡಿನಿಂದ ಕತ್ತರಿಸಿ ರಟ್ಟಿನ ಮೇಲೆ ಅಂಟಿಸುತ್ತಿದ್ದ ಕಾಲ. ಕತ್ತರಿಸುವವನಿಗೆ ಕನ್ನಡ ಬಾರದು. ಸಾಲಿನ ಕೆಳಗೆ ಇಳಿದ ಒತ್ತಕ್ಷರಗಳನ್ನು ಕಸವೆಂದು ತಿಳಿದು ನೀಟಾಗಿ ಕೊಯ್ದುಬಿಡುತ್ತಿದ್ದ. ಮಾಸ್ತರರು ನೆಲಕ್ಕೆ ಬಾಗಿ ಆ ಚೂರುಗಳನ್ನು ಹುಡುಕುವರು. ಸಾಸಿವೆಯಷ್ಟು ಚಿಕ್ಕ ಒತ್ತನ್ನು ಬ್ಲೇಡಿನ ತುದಿಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಅದರ ಅಕ್ಷರದ ಕೆಳಗೆ ಕೂರಿಸುವರು. ಅಷ್ಟು ಹೊತ್ತು ಯಾರೂ ಫ್ಯಾನ್ ಹಾಕುವಂತಿರಲಿಲ್ಲ.

ಅವರ ನಿಜವಾದ ಕಸುಬು ಕಂಡದ್ದು ಡಬ್ಬಿಂಗ್ ಸ್ಟುಡಿಯೋದಲ್ಲಿ. ಚಹಾದ ಜಾಹೀರಾತೊಂದು ಬಂದಿತ್ತು, ಮೂವತ್ತು ಸೆಕೆಂಡಿನದು. ಹೆಣ್ಣು ನೋಡಲು ಬಂದವರ ಮುಂದೆ ಹುಡುಗಿ ಚಹಾದ ತಟ್ಟೆ ಹಿಡಿದು ಬರುತ್ತಾಳೆ. ಮಾಸ್ತರರು ತಲೆ ಅಲ್ಲಾಡಿಸಿದರು. "ಹುಬ್ಬಳ್ಳಿ ಕಡೆ ಇದು ನಡೀತದ. ಮೈಸೂರು ಕಡೆ ಕಾಫಿ ಕೊಡದ ಮನೀಗೆ ಯಾರು ಹೆಣ್ಣು ಕೇಳ್ತಾರ?" ಚಿತ್ರವೋ ಆಗಲೇ ತಯಾರು. ಕಂಪನಿ ಮಾರುವುದೂ ಚಹಾವನ್ನೇ. ನಿರ್ಮಾಪಕರು ಗಡಿಯಾರ ತೋರಿಸಿದರು, ಸ್ಟುಡಿಯೋ ಬಾಡಿಗೆ ಗಂಟೆ ಲೆಕ್ಕದ್ದು. ಮಾಸ್ತರರು ಪರದೆ ನೋಡುತ್ತಲೇ ಇದ್ದರು. ಹುಡುಗಿಯ ಮುಖ ಹತ್ತಿರದಲ್ಲಿದೆ; ಅವಳ ತುಟಿ ಮುಚ್ಚುವಲ್ಲೆಲ್ಲ ಪ, ಬ, ಮ ಬೀಳಲೇಬೇಕು, ಅಲ್ಲಿ ಏನೂ ಸೇರಿಸುವಂತಿಲ್ಲ. ಆದರೆ ಹುಡುಗನ ತಂದೆ ಕ್ಯಾಮೆರಾಕ್ಕೆ ಬೆನ್ನು ಹಾಕಿ ಕೂತಿದ್ದಾರೆ. ಅವರ ತುಟಿ ಯಾರಿಗೂ ಕಾಣದು. "ಇವತ್ತು ಚಹಾನೇ ಕೊಡಮ್ಮಾ" ಎಂದು ಆ ಹಿರಿಯರಿಂದಲೇ ಕೇಳಿಸಿದರೆ ಮನೆಯವರ ಮರ್ಯಾದೆ ಉಳಿಯುತ್ತದೆ. ನಿರ್ಮಾಪಕರು ಬಿಲ್ಕುಲ್ ಆಗದೆಂದರು. ಅದಕ್ಕೆ ಬೇಕಾದ ಒಂದೂವರೆ ಸೆಕೆಂಡು ಎಲ್ಲಿಂದ ಬರಬೇಕು? ಅರ್ಧ ಗಂಟೆ ಚೌಕಾಸಿ ನಡೆಯಿತು. ಕೊನೆಯ ಸಾಲಿನಿಂದ 'ತಾಜಾ' ಹೋಯಿತು, 'ಘಮಘಮ'ವೂ ಹೋಯಿತು, ಕಂಪನಿಯ ಹೆಸರು ಮಾತ್ರ ಉಳಿಯಿತು. ಹೆಚ್ಚು ಹೊತ್ತು ಹಿಡಿಯಿತೆಂದು ಮಾಸ್ತರರ ಸಂಭಾವನೆಯಲ್ಲೂ ಸ್ವಲ್ಪ ಮುರಿದುಕೊಂಡರು. ಅವರು ಸಂತೋಷವಾಗಿಯೇ ಸಹಿ ಹಾಕಿದರು.

ಕೆಲವು ಸರಕಿಗೆ ಇಷ್ಟು ಪಾಡು ಬೇಡ. ಅರಿಶಿನದ ಕ್ರೀಮು ಮಾಡುವ ವಿಕೋದ ಕಾರ್ಖಾನೆ ನಮ್ಮ ಡೊಂಬಿವಲಿ ಎಂಐಡಿಸಿಯಲ್ಲೇ ಇದೆ. ಮದುವಣಗಿತ್ತಿಗೆ ಅರಿಶಿನ ಹಚ್ಚುವುದನ್ನು ತೋರಿಸಿದರೆ ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ 1994ರಲ್ಲಿ ಬಂದ ಕೆಲಾಗ್ಸ್ ನೋಡಿ. ಅಮೆರಿಕದ ಕಂಪನಿ, ಕಾರ್ಖಾನೆ ಇಲ್ಲೇ ನವಿ ಮುಂಬಯಿಯ ಅಂಚಿನ ತಳೋಜಾದಲ್ಲಿ. ಅವರ ಕಾರ್ನ್‌ಫ್ಲೇಕ್ಸು ತಣ್ಣನೆಯ ಹಾಲಿಗೆಂದೇ ಮಾಡಿದ್ದು. ನಮ್ಮ ತಾಯಂದಿರು ಮಕ್ಕಳಿಗೆ ಬೆಳಿಗ್ಗೆ ಕಾಯಿಸಿದ ಬಿಸಿ ಹಾಲು ಸುರಿಯುವವರು. ಗರಿಗರಿಯೆಂದು ಜಾಹೀರಾತಿನಲ್ಲಿ ಕೇಳಿದ್ದು ಬಟ್ಟಲಲ್ಲಿ ಮುದ್ದೆಯಾಯಿತು. ಇಡ್ಲಿ, ಪೋಹೆ, ಪರಾಠಾ ತಿನ್ನುವ ಮನೆಗಳಿಗೆ ನಿಮ್ಮ ತಿಂಡಿ ಸಾಲದು ಎಂಬ ಧಾಟಿಯೂ ರುಚಿಸಲಿಲ್ಲ. ತಳೋಜಾದ ಯಾವ ಮನೆಯ ಅಡುಗೆಕೋಣೆಯಲ್ಲಿ ಒಂದು ಬೆಳಿಗ್ಗೆ ನಿಂತಿದ್ದರೂ ತಿಳಿಯುತ್ತಿತ್ತು.

ಅದೇ 1994ರಲ್ಲಿ ಉದಯ ಟಿವಿ ಬಂತು, ನಮಗೆ ಕೈತುಂಬ ಕೆಲಸವಾಯಿತು. ಆ ದಿನಗಳನ್ನು ಸುವರ್ಣಯುಗವೆನ್ನಲು ನಾಲಿಗೆ ಏಳದು. ಹಣ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಬೆಂಗಳೂರಿನವರು "ಇದು ಬಾಂಬೆ ಕನ್ನಡ" ಎಂದು ಮೂಗು ಮುರಿಯುತ್ತಿದ್ದರು, ಅದರಲ್ಲಿ ನಿಜವಿತ್ತು. ಹಿಂದಿಯ ಬೆನ್ನೆಲುಬಿನ ಮೇಲೆ ಕನ್ನಡದ ಚರ್ಮ ಎಳೆದ ಎಷ್ಟೋ ಸಾಲುಗಳು ಮನೆಮನೆ ಹೊಕ್ಕವು. ಎಲ್ಲಕ್ಕಿಂತ ನೋವಿನ ಸಂಗತಿ, ಕಥೆ ಬರೆದು, ನಟರನ್ನು ಆರಿಸಿ, ಚಿತ್ರ ತೆಗೆದು, ದುಡ್ಡೆಲ್ಲ ಖರ್ಚಾದ ಮೇಲೆ ನಮ್ಮನ್ನು ಕರೆಸುತ್ತಿದ್ದರು. ಮಾಸ್ತರರನ್ನು ಮೊದಲ ದಿನವೇ ಕೇಳಿದ್ದರೆ ಆ ಹುಡುಗಿಯ ತಟ್ಟೆಯ ಪ್ರಸಂಗವೇ ಬೇರೆಯಾಗುತ್ತಿತ್ತು. ಅತ್ತ ಕರ್ನಾಟಕದಲ್ಲಿ ಚಿತ್ರರಂಗದವರು ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹೋರಾಡಿದರು. 2012ರಲ್ಲಿ ಆಮಿರ್ ಖಾನರ 'ಸತ್ಯಮೇವ ಜಯತೇ' ಕೂಡ ಟಿವಿಯಲ್ಲಿ ಕನ್ನಡದ ಮಾತು ಆಡಲಾಗಲಿಲ್ಲ. ಆಗಲೂ ಮುಂಬಯಿಯಲ್ಲಿ ಡಬ್ ಆದ ಸೋಪು, ಪೇಸ್ಟು ಪ್ರತಿ ಸಂಜೆ ಕನ್ನಡದಲ್ಲಿ ಮಾತಾಡುತ್ತಿದ್ದವು. ಆ ಕನ್ನಡ ಹೇಗಿರಬೇಕೆಂದು ಮಾತ್ರ ಯಾರೂ ಕೂತು ಯೋಚಿಸಲಿಲ್ಲ.

ಹಾಗಿದ್ದರೂ ಆಗ ಕೋಣೆಯಲ್ಲಿ ಒಬ್ಬ ಮನುಷ್ಯನಿದ್ದ, "ಇದು ನಮ್ಮ ಮನೆಗಳಲ್ಲಿ ನಡೆಯುವುದಿಲ್ಲ" ಎನ್ನಲು. ಈಗ ಅವನನ್ನೇ ಖರ್ಚೆಂದು ತೆಗೆದುಹಾಕಿದ್ದಾರೆ. ಪಕ್ಕದ ಮನೆಯ ಹುಡುಗಿ ತೋರಿಸಿದ ಯುಗಾದಿ ಜಾಹೀರಾತಿನಲ್ಲಿ ಒತ್ತಕ್ಷರ, ವ್ಯಾಕರಣ ಎಲ್ಲ ಸರಿಯಾಗಿವೆ. ಚಿತ್ರದಲ್ಲಿ ಮಾತ್ರ ಬಾಗಿಲಿಗೆ ಕೋಲು ಕಟ್ಟಿ, ರೇಷ್ಮೆ ಬಟ್ಟೆ ಉಡಿಸಿ, ಮೇಲೆ ತಂಬಿಗೆ ಕವುಚಿದ ಮರಾಠಿ ಮನೆಗಳ ಗುಡಿ. ಬೇವು-ಬೆಲ್ಲ ಎಲ್ಲೂ ಇಲ್ಲ. ಬೆಳಗಾವಿಯ ಕೆಲವು ಮನೆಗಳು ಒಪ್ಪಿಯಾವು, ಮೈಸೂರು, ಮಂಡ್ಯದವರಿಗೆ ಅದು ಪರರ ಹಬ್ಬ. ಡೊಂಬಿವಲಿಯಲ್ಲಿ ಒಂದೇ ಮಹಡಿಯಲ್ಲಿ ಒಂದು ಬಾಗಿಲಿಗೆ ಗುಡಿ, ಎದುರಿನದಕ್ಕೆ ಮಾವಿನ ತೋರಣ. ಎರಡೂ ಮನೆಯ ಮಕ್ಕಳಿಗೆ ಯಾವುದು ಯಾರದೆಂದು ಗೊತ್ತು. ಅವಳಿಗೂ ಗೊತ್ತಿತ್ತು, ಮೇಲಿನವರಿಗೆ ಹೇಳಿದ್ದಳಂತೆ. ಚಿತ್ರ ಬದಲಿಸುವ ಅಧಿಕಾರ ತನಗಿಲ್ಲ, ಸಾಲು ನೋಡುವುದಷ್ಟೇ ತನ್ನ ಕೆಲಸ ಎಂದಳು.