ಹೆಬ್ಬೆಟ್ಟಿನ ಗುರುತು ಹೇಳಿದ ಸತ್ಯ

ಪ್ರಿಯ ಓದುಗ ಮಿತ್ರರೇ,

 

"ಸರ್ಕಾರ ಒಂದು ಯೋಜನೆ ತರುತ್ತದೆ, ದುಡ್ಡು ಖರ್ಚಾಗುತ್ತದೆ, ಉದ್ಘಾಟನೆಯ ಫೋಟೊ ಬರುತ್ತದೆ. ಅದರಿಂದ ಯಾರಿಗೆ ಏನು ಒಳ್ಳೆಯದಾಯಿತು ಅಂತ ಯಾರಾದರೂ ತಿರುಗಿ ನೋಡುತ್ತಾರಾ?" ಎಂದು ಕೇಳಿದ್ದೀರಿ. ನೋಡುವವರಿದ್ದಾರೆ. ನಮ್ಮ ಕರ್ನಾಟಕದಲ್ಲೇ ಹಾಗೆ ನೋಡಿದ ಒಂದು ಸಂಗತಿಯನ್ನು ಬಿಡಿಸಿ ಹೇಳುತ್ತೇನೆ.

2003ರ ಸುಮಾರಿಗೆ ದೇಶದ ಸರ್ಕಾರಿ ಆರೋಗ್ಯ ಕೇಂದ್ರಗಳಿಗೆ ಸಂಶೋಧಕರು ಮುನ್ಸೂಚನೆ ಕೊಡದೆ ಹೋಗಿ ನೋಡಿದಾಗ ಸುಮಾರು ಶೇ 40ರಷ್ಟು ಸಿಬ್ಬಂದಿ ಕೆಲಸದ ಜಾಗದಲ್ಲಿರಲಿಲ್ಲ. ಕಟ್ಟಡವಿದೆ, ಔಷಧಿಯಿದೆ, ಸಂಬಳವೂ ಹೋಗುತ್ತಿದೆ. ಬಸುರಿ ಹೆಂಗಸು ಬಂದಾಗ ನೋಡುವವರಿಲ್ಲ. ಇದಕ್ಕೆ ಮದ್ದಾಗಿ 2010ರಲ್ಲಿ ನಮ್ಮ ರಾಜ್ಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆಬ್ಬೆಟ್ಟಿನ ಹಾಜರಾತಿ ಯಂತ್ರ ಇಡಲು ಹೊರಟಿತು. ಆದರೆ ಎಲ್ಲ ಕಡೆಗೂ ಒಟ್ಟಿಗೇ ಹಂಚಿಬಿಡಲಿಲ್ಲ. ಐದು ಜಿಲ್ಲೆಗಳ 322 ಕೇಂದ್ರಗಳನ್ನು ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ 140ನ್ನು ಆರಿಸಿ, ಅಲ್ಲಿ ಮಾತ್ರ ಯಂತ್ರ ಕೂರಿಸಿದರು. ಉಳಿದವು ಹಳೆಯ ಹಾಜರಿ ಪುಸ್ತಕದಲ್ಲೇ ಮುಂದುವರಿದವು. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಗುಂಪುಗಳನ್ನು ಹೋಲಿಸಿ ಅಧ್ಯಯನ ಮಾಡಿದರು.

ಹೀಗೆ ಕೆಲವಕ್ಕೆ ಕೊಟ್ಟು ಉಳಿದವನ್ನು ಬಿಡುವುದೇಕೆ? ಹೊಸ ಗೊಬ್ಬರ ಹಾಕಿದ ವರ್ಷ ಒಳ್ಳೆಯ ಫಸಲು ಬಂದರೆ, ಗೊಬ್ಬರ ಹಾಕದ ಪಕ್ಕದ ಹೊಲವನ್ನೂ ನೋಡಬೇಕಲ್ಲವೇ? ಆ ವರ್ಷದ ಮಳೆ ಎರಡೂ ಹೊಲಗಳಿಗೆ ಒಂದೇ. ಚೀಟಿ ಎತ್ತಿ ಆರಿಸಿದ್ದರಿಂದ, ಒಳ್ಳೆಯ ವೈದ್ಯಾಧಿಕಾರಿ ಇರುವ ಕೇಂದ್ರಗಳೇ ಯಂತ್ರ ಪಡೆದವು ಎಂಬ ಅನುಮಾನಕ್ಕೂ ಎಡೆ ಉಳಿಯಲಿಲ್ಲ. ಇನ್ನೊಂದು ಮಾತು: ಯಂತ್ರದ ಲೆಕ್ಕವನ್ನೇ ನಂಬಿ ಕೂರದೆ, ಎರಡೂ ಬಗೆಯ ಕೇಂದ್ರಗಳಿಗೆ ಜನರನ್ನು ದಿಢೀರನೆ ಕಳುಹಿಸಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿದರು. ಹೆರಿಗೆಯಾದ ತಾಯಂದಿರನ್ನೂ ಮಾತನಾಡಿಸಿದರು.

ಸಿಕ್ಕ ಉತ್ತರದಲ್ಲಿ ಸಂತೋಷವೂ ಇದೆ, ಸಂಕಟವೂ ಇದೆ. ಯಂತ್ರವಿದ್ದ ಕಡೆ ನರ್ಸ್, ಲ್ಯಾಬ್ ಟೆಕ್ನೀಷಿಯನ್, ಫಾರ್ಮಸಿಸ್ಟ್‌ಗಳ ಹಾಜರಾತಿ ಸುಮಾರು ಶೇ 18ರಷ್ಟು ಹೆಚ್ಚಿತು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸುಗಳು ಹುಟ್ಟುವುದು ಶೇ 26ರಷ್ಟು ತಗ್ಗಿತು. ಈ ಸಂಖ್ಯೆ ಓದಿದಾಗ ನನ್ನ ಮನಸ್ಸು ತುಂಬಿತು. ನರ್ಸಮ್ಮ ಕುರ್ಚಿಯಲ್ಲಿರುವುದಕ್ಕೂ ಕೂಸಿನ ತೂಕಕ್ಕೂ ಇರುವ ನಂಟು ಅಜ್ಜಿಯರಿಗೆ ಮೊದಲಿನಿಂದ ಗೊತ್ತಿರಬಹುದು. ಸರ್ಕಾರದ ಕಡತಕ್ಕೆ ಅದು ಲೆಕ್ಕವಾಗಿ ಬಂದದ್ದು ಹೀಗೆ.

ವೈದ್ಯರ ಹಾಜರಾತಿ ಮಾತ್ರ ಕದಲಲಿಲ್ಲ. ಅದಕ್ಕಿಂತ ಅಚ್ಚರಿಯ ಸಂಗತಿಯೆಂದರೆ, ಯಂತ್ರವಿದ್ದ ಊರುಗಳ ಕೆಲವು ಹೆಂಗಸರು ಹೆರಿಗೆಗೆ ಅದೇ ಆರೋಗ್ಯ ಕೇಂದ್ರ ಬಿಟ್ಟು ದೊಡ್ಡಾಸ್ಪತ್ರೆಗೆ, ಖಾಸಗಿ ನರ್ಸಿಂಗ್ ಹೋಮಿಗೆ ಹೋದರು. ತೊಡಕಿನ ಹೆರಿಗೆಯನ್ನು ಸಿಬ್ಬಂದಿ ಬೇಗ ಗುರುತಿಸಿ ಮೇಲಿನ ಆಸ್ಪತ್ರೆಗೆ ಕಳಿಸಿದ್ದು ಒಂದು ಕಾರಣವಿರಬಹುದು ಎನ್ನುತ್ತದೆ ಅಧ್ಯಯನ, ಅದು ಒಳ್ಳೆಯದೇ. ಆದರೆ ತಾಯಂದಿರಿಗೆ ಸರ್ಕಾರ ಕೊಡುವ ಸವಲತ್ತು ಅವರ ಕೈಗೆ ಸೇರದೆ ನಡುವೆ ಸೋರಿದ್ದು, ಸಿಬ್ಬಂದಿ ತಮ್ಮ ಖಾಸಗಿ ಪ್ರಾಕ್ಟೀಸಿನ ಕಡೆಗೆ ಅವರನ್ನು ತಿರುಗಿಸಿದ್ದು ಕೂಡ ಕಾರಣವಿದ್ದೀತು ಎಂದೂ ಅದು ಹೇಳುತ್ತದೆ. ಬರೀ ಹಾಜರಾತಿ ಪಟ್ಟಿ ನೋಡಿ "ಯೋಜನೆ ಗೆದ್ದಿತು" ಎಂದು ಷರಾ ಬರೆದು ಕಡತ ಮುಚ್ಚಿದ್ದರೆ ಇದೊಂದೂ ತಿಳಿಯುತ್ತಿರಲಿಲ್ಲ. ಬಾಣಂತಿಯರನ್ನು ಕೇಳಿದ್ದರಿಂದ ತಿಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ಯಾರು ಬಂದರು, ಯಾರು ಬರಲಿಲ್ಲ ಎಂಬುದು ದಿನದಿನವೂ ಗೊತ್ತಾಗತೊಡಗಿದ ಮೇಲೆ, ಆ ಮಾಹಿತಿ ಯಾರಿಗೂ ಅಷ್ಟಾಗಿ ಬೇಡವಾಯಿತು. ಯೋಜನೆ ಸರ್ಕಾರದ್ದೇ, ಆಸೆಯೂ ಸರ್ಕಾರದ್ದೇ. ಆದರೂ ಗೈರುಹಾಜರಾದವರ ಮೇಲೆ ಕ್ರಮ ಎಂದಾಗ ಮೇಲಿಂದ ಕೆಳಗಿನವರೆಗೆ ಎಲ್ಲರೂ ಹಿಂಜರಿದರು. ಹಳ್ಳಿಗೆ ಬರುವ ವೈದ್ಯರೇ ವಿರಳ. ಬಿಗಿ ಮಾಡಿದರೆ ಇರುವವರೂ ಬಿಟ್ಟು ಹೋದಾರು, ಸಿಬ್ಬಂದಿಯಲ್ಲಿ ಅಸಮಾಧಾನ ಎದ್ದೀತು ಎಂಬ ಅಳುಕು. ರಾಜಸ್ಥಾನದ ಉದಯಪುರದಲ್ಲೂ ಇದಕ್ಕೆ ಮೊದಲೇ ಹೀಗೇ ಆಗಿತ್ತು. ಅಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ನರ್ಸ್‌ಗಳ ಹಾಜರಾತಿ ನೋಡಿಕೊಳ್ಳುತ್ತಿತ್ತು. ಮೊದಲ ತಿಂಗಳುಗಳಲ್ಲಿ ಹಾಜರಾತಿ ಚೆನ್ನಾಗಿ ಏರಿತು. ಆಮೇಲೆ ಆರೋಗ್ಯ ಇಲಾಖೆ "ವಿನಾಯಿತಿ" ದಿನಗಳನ್ನು ಧಾರಾಳವಾಗಿ ಕೊಡತೊಡಗಿತು. ಹದಿನಾರು ತಿಂಗಳಿಗೆಲ್ಲ ಎಲ್ಲವೂ ಮೊದಲಿನಂತೆ.

ಅಳುಕಿದ ಅಧಿಕಾರಿಗಳನ್ನು ನಾನು ದೂರಲಾರೆ. ಆದರೆ ಅಳೆಯಲು ಹೊರಡುವ ಮೊದಲೇ ಒಂದು ಮಾತು ತೀರ್ಮಾನವಾಗಬೇಕು: ಉತ್ತರ ಹೀಗೆ ಬಂದರೆ ಏನು ಮಾಡುತ್ತೇವೆ, ಯಾರು ಮಾಡುತ್ತಾರೆ? ವೈದ್ಯರ ಕೊರತೆಯೇ ಮೂಲವಾದರೆ ಅವರ ವಸತಿ, ಸಂಬಳ, ವರ್ಗಾವಣೆಯ ಕಡೆ ಕೈ ಹಾಕಬೇಕು. ಯಂತ್ರ ಹೇಳಿದ ಸತ್ಯವನ್ನು ಅಲ್ಲಿಗೆ ಒಯ್ಯುವವರು ಬೇಕು.

ಹಾಗೆ ಒಯ್ದವರೂ ಇದ್ದಾರೆ. ಮೆಕ್ಸಿಕೊ 1997ರಲ್ಲಿ ಪ್ರೊಗ್ರೆಸಾ ಎಂಬ ಯೋಜನೆ ತಂದಿತು. ಮಕ್ಕಳು ಶಾಲೆಗೆ ಹೋದರೆ, ತಪಾಸಣೆಗೆ ಬಂದರೆ ಬಡ ತಾಯಂದಿರ ಕೈಗೆ ಹಣ. ಒಮ್ಮೆಗೇ ಎಲ್ಲರಿಗೂ ಕೊಡುವಷ್ಟು ದುಡ್ಡು ಹೇಗೂ ಇರಲಿಲ್ಲ. 506 ಹಳ್ಳಿಗಳಲ್ಲಿ ಚೀಟಿ ಎತ್ತಿ 320ಕ್ಕೆ ಮೊದಲು ಕೊಟ್ಟು, ಮಿಕ್ಕವನ್ನು ಆಮೇಲೆ ಸೇರಿಸಿಕೊಂಡರು. ಶಾಲೆಗೆ ಹೋಗುವ ಮಕ್ಕಳು, ಅದರಲ್ಲೂ ದೊಡ್ಡ ತರಗತಿಯ ಹೆಣ್ಣುಮಕ್ಕಳು ಹೆಚ್ಚಿದ್ದು ಕಾಣಿಸಿತು. 2000ದಲ್ಲಿ ಏಳು ದಶಕ ಆಳಿದ ಪಕ್ಷ ಸೋತು ಬೇರೆಯವರು ಬಂದರೂ, ಹೊಸ ಸರ್ಕಾರ ಯೋಜನೆಯನ್ನು ಕಿತ್ತೊಗೆಯದೆ ಹೆಸರು ಬದಲಿಸಿ ವಿಸ್ತರಿಸಿತು. 2019ರಲ್ಲಿ ಮತ್ತೊಂದು ಸರ್ಕಾರ ಅದನ್ನು ನಿಲ್ಲಿಸಿತು ಎನ್ನುವುದನ್ನೂ ಹೇಳಿಬಿಡಬೇಕು. ಆದರೂ ಅಷ್ಟು ವರ್ಷ ಬಡ ಮನೆಗಳ ಒಂದು ಇಡೀ ತಲೆಮಾರು ಶಾಲೆಯ ಮೆಟ್ಟಿಲು ಹತ್ತಿತ್ತು.

ನಮ್ಮಲ್ಲೂ 2011ರಿಂದ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವಿದೆ. ಇಲಾಖೆಗಳ ಯೋಜನೆಗಳನ್ನು ಹೊರಗಿನವರಿಂದ ಪರಿಶೀಲನೆ ಮಾಡಿಸುವುದು ಅದರ ಕೆಲಸ. ವರದಿಗಳನ್ನು ಯಾರು ಬೇಕಾದರೂ ಓದಬಹುದು. ನಿಮಗೆ ಹತ್ತಿರದ ಒಂದು ಯೋಜನೆಯ ವರದಿ ತೆಗೆದು ನೋಡಿ. ಕೊನೆಯ ಪುಟಗಳಲ್ಲಿರುವ ಶಿಫಾರಸುಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಯಾವುದು ಜಾರಿಯಾಗಿದೆ, ಯಾವುದು ಆಗಿಲ್ಲ ಎಂದು ಗುರುತು ಹಾಕಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅಲ್ಲಿ ಏನು ಉತ್ತರ ಬಂತೆಂದು ನನಗೂ ತಪ್ಪದೆ ಬರೆಯಿರಿ.

ಇಂತಿ ನಿಮ್ಮ
ಸ್ನೇಹಿತ