ಕೆಮಿಸ್ಟ್ರಿ ಇಲ್ಲದ ಸೈನ್ಸು

ಪಿಯುಸಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ ಎರಡರಲ್ಲೂ ದಡ ಮುಟ್ಟಿದ್ದೇ ಪುಣ್ಯ ಎನ್ನುವಂಥವರಿಗೆ ನಮ್ಮ ಕಾಲದಲ್ಲಿ ಹಿರಿಯರು ತೋರಿಸುತ್ತಿದ್ದ ದಾರಿ ಸಿಬಿಝಡ್. ಕೆಮಿಸ್ಟ್ರಿ, ಬಾಟನಿ, ಝೂವಾಲಜಿ. ಫಿಸಿಕ್ಸಿನ ಕಾಟ ತಪ್ಪಿತಲ್ಲ ಎಂಬ ಸಡಗರದಲ್ಲಿ ಮೊದಲ ಅಕ್ಷರ ಯಾವುದರದ್ದೆಂದು ಯಾರು ನೋಡುತ್ತಾರೆ? ನಾನಂತೂ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಗುಂಗಿನಲ್ಲೇ ಅರ್ಜಿ ತುಂಬಿದವನು. ಬಾಟನಿ ಎಂದರೆ ಕಾಡು ಸುತ್ತುವುದು, ಗಿಡಗಳ ಹೆಸರು ಹೇಳುವುದು, ನಡುನಡುವೆ ನಗುವುದು!

ಲ್ಯಾಬಿನಲ್ಲಿ ಸಿಕ್ಕಿದ್ದು ಸಾಲ್ಟ್ ಅನಾಲಿಸಿಸ್. ನೈಟ್ರೇಟ್ ದ್ರಾವಣಕ್ಕೆ ಆಗತಾನೆ ಕರಗಿಸಿದ ಫೆರಸ್ ಸಲ್ಫೇಟ್ ಬೆರೆಸಿ, ಪ್ರನಾಳದ ಗೋಡೆಗುಂಟ ಸಲ್ಫ್ಯೂರಿಕ್ ಆಮ್ಲವನ್ನು ಮೆಲ್ಲಗೆ ಇಳಿಬಿಟ್ಟರೆ, ಎರಡೂ ಸೇರುವಲ್ಲಿ ಕಂದು ಉಂಗುರ ಮೂಡಬೇಕು. ಅಕ್ಕಪಕ್ಕದವರಿಗೆಲ್ಲ ಮೂಡುತ್ತಿತ್ತು. ನನ್ನದು ಮಾತ್ರ ನೀರು ಕಾಫಿಯಾಗುತ್ತಿತ್ತು. “ಕೈ ನಡುಗಬಾರದು ಕಣಪ್ಪಾ” ಎನ್ನುತ್ತಿದ್ದರು ಅಟೆಂಡರ್. ನಡುಗದೆ ಇನ್ನೇನು?

ಬಾಟನಿಯಲ್ಲಿ ಸುಖವಿತ್ತು. ದಾಸವಾಳವನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಕೇಸರಗಳೆಲ್ಲ ಬೆಸೆದು ಒಂದೇ ಕೊಳವೆ. ಅದರೊಳಗಿಂದ ಹಾದು ಬಂದ ಶಲಾಕೆಯ ತುದಿಯಲ್ಲಿ ಐದು ಕೆಂಪು ಬೊಟ್ಟು. ದಿನವೂ ದೇವರ ತಲೆಗೇರುವ ಹೂವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಆದರೆ ಮರುಕ್ಷಣವೇ ಅದರ ಸೂತ್ರ ಬರೆಯಿರಿ ಎಂದರು. ಹೂವಿಗೂ ಸೂತ್ರ! ಮುಂದೆ ಎಲೆಯೊಳಗೆ ಹೊಕ್ಕರೆ ಅಲ್ಲಿ ಕ್ಯಾಲ್ವಿನ್ ಚಕ್ರ; ಬರೀ ಕಾರ್ಬನ್ನಿನ ಲೆಕ್ಕಾಚಾರ.

ಸಮಾಧಾನಕ್ಕೆಂದು ದೊಡ್ಡವರ ಚರಿತ್ರೆ ತಿರುವಿದೆ. ಡಾರ್ವಿನ್ ಹುಡುಗನಾಗಿದ್ದಾಗ ಅಣ್ಣನ ಜೊತೆ ಮನೆಯಲ್ಲೇ ರಸಾಯನ ಪ್ರಯೋಗ ಮಾಡುತ್ತಿದ್ದನಂತೆ; ಸಹಪಾಠಿಗಳು ಅವನಿಗಿಟ್ಟ ಅಡ್ಡಹೆಸರು ‘ಗ್ಯಾಸ್’. ಬಟಾಣಿಯ ಮೆಂಡೆಲ್? ಅವನು 1851ರಲ್ಲಿ ವಿಯೆನ್ನಾಕ್ಕೆ ಹೋಗಿ, ಸಾಕ್ಷಾತ್ ಡಾಪ್ಲರನ ಕೈಕೆಳಗೆ ಫಿಸಿಕ್ಸ್ ಓದಿದವನು. ಪುಸ್ತಕ ಮುಚ್ಚಿಟ್ಟೆ.

ಮೊನ್ನೆ ಅಣ್ಣನ ಮಗಳು ಕೇಳಿದಳು: “ಚಿಕ್ಕಪ್ಪ, ಕೆಮಿಸ್ಟ್ರಿ ಇಲ್ಲದ ಸೈನ್ಸ್ ಯಾವುದಿದೆ?”

ಜಿಯಾಲಜಿ ಎನ್ನಹೊರಟವನು ಸಿಲಿಕೇಟುಗಳು ನೆನಪಾಗಿ ಸುಮ್ಮನಾದೆ. ಕೊನೆಗೆ ಅವಳೇ ಹುಡುಕಿಕೊಂಡಳು: ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ. ಇದಕ್ಕೂ ಬಿ.ಎಸ್ಸಿ. ಎಂದೇ ಪದವಿ ಕೊಡುತ್ತಾರೆ. ಲೆಕ್ಕದಲ್ಲಿ ಗಟ್ಟಿಗಿತ್ತಿ, ನನಗಿಂತ ಜಾಣೆ. ಓದುವ ಮೊದಲೇ ವಿಚಾರಿಸಿದಳು. ನಮ್ಮಮ್ಮ ಮಾತ್ರ ಇನ್ನೂ ಒಪ್ಪಿಲ್ಲ. ಮೊಮ್ಮಗಳು ಕಾಲೇಜಿಗೆ ಹೊರಟಾಗಲೆಲ್ಲ ಬಾಗಿಲಿಗೆ ಬಂದು ಕೇಳುತ್ತಾಳೆ: “ಸೈನ್ಸ್ ಅಂತೀಯ, ಬಿಳಿ ಕೋಟು ಎಲ್ಲೇ?”